ಹೇಳಿದರೆ ನಾಟದ ಮದ್ದು

(ಮಲೆನಾಡಿನ ಒಂದು ಮನೆ. ಹಿಂದಿನ ಜಗಲಿಯಲ್ಲಿ ಅಜ್ಜಿ ನೆಲನೆಲ್ಲಿ ಅರೆಯುತ್ತಿದ್ದಾರೆ. ಡಾಕ್ಟರಾಗಿರುವ ಮೊಮ್ಮಗಳು ಮಜ್ಜಿಗೆ ಲೋಟ ಹಿಡಿದು ಕೂತಿದ್ದಾಳೆ. ಹೊರಗೆ ಮಳೆ.)

ಮೊಮ್ಮಗಳು: ಕಾಮಾಲೆಗೆ ಯಾವ ಸೊಪ್ಪು ಅಂತ ಬಂದವರಿಗೆ ಯಾಕೆ ಹೇಳೋದಿಲ್ಲ ನೀನು?

ಅಜ್ಜಿ: ಹೇಳಿದರೆ ಮದ್ದು ನಾಟೋದಿಲ್ಲ. ನಮ್ಮತ್ತೆ ನನಗೆ ಹೇಳಿದ್ದೂ ಕಣ್ಣು ಮುಚ್ಚೋ ಹೊತ್ತಿಗೆ.

ಮೊಮ್ಮಗಳು: ನಾಲ್ಕನೇ ಶತಮಾನದಲ್ಲಿ ಚೀನಾದ ಗೆ ಹೊಂಗ್ ಹಾಗೆ ಮಾಡಲಿಲ್ಲ. ಅಂಗಿಯ ತೋಳಿನಲ್ಲಿ ಇಟ್ಟುಕೊಂಡು ಓಡಾಡುವಂಥ ಕೈಪಿಡಿ ಬರೆದಿಟ್ಟ. ಬಿಟ್ಟು ಬಿಟ್ಟು ಬರೋ ಜ್ವರಕ್ಕೆ ಚಿಂಗ್‌ಹಾವೊ ಸೊಪ್ಪು ಒಂದು ಹಿಡಿ, ನೀರಲ್ಲಿ ನೆನೆಸಿ, ಹಿಂಡಿ, ರಸ ಕುಡಿಸಬೇಕು ಅಂತ. ಮಲೇರಿಯಾಕ್ಕೆ ಮದ್ದು ಹುಡುಕ್ತಿದ್ದ ತು ಯೂಯೂ 1971ರಲ್ಲಿ ಆ ಸಾಲು ಓದಿ ಅಲ್ಲೇ ನಿಂತುಬಿಟ್ಟರು.

ಅಜ್ಜಿ: ಕುದಿಸು ಅಂದಿಲ್ಲವಲ್ಲ.

ಮೊಮ್ಮಗಳು: ಅದೇ! ಕಾಯಿಸಿದರೆ ಅದರ ಗುಣ ಕೆಡುತ್ತಿತ್ತು. ಈಥರ್ 35 ಡಿಗ್ರಿಗೇ ಕುದಿಯುತ್ತೆ. ಅದರಲ್ಲಿ ಸಾರ ತೆಗೆದಾಗ ಇಲಿಗಳ ಮಲೇರಿಯಾ ಪೂರ್ತಿ ಹೋಯಿತು. ಮೊದಲು ತಾವೇ ಕುಡಿದು ನೋಡಿ, ಆಮೇಲೆ ರೋಗಿಗಳಿಗೆ ಕೊಟ್ಟರು. ಇವತ್ತು ನಾನು ಬರೆದುಕೊಡೋ ಆರ್ಟಿಮಿಸಿನಿನ್ ಗುಳಿಗೆ ಹುಟ್ಟಿದ್ದು ಹಾಗೆ. ಅವರಿಗೆ 2015ರಲ್ಲಿ ನೊಬೆಲ್ ಬಂತು. ಗೆ ಹೊಂಗ್ ಗುಟ್ಟು ಮಾಡಿದ್ದರೆ?

ಅಜ್ಜಿ: ಹಾಗಾದರೆ ನನ್ನ ಕೈಯಲ್ಲಿ ವಾಸಿಯಾದವರು ಸುಳ್ಳಾ?

ಮೊಮ್ಮಗಳು: ವಾಸಿಯಾದದ್ದು ನಿಜ. ಸೊಪ್ಪಿನಿಂದಲೇ ಅಂತ ಹೇಗೆ ಗೊತ್ತು? ಕೆಟ್ಟ ನೀರಿನಿಂದ ಬರೋ ಕಾಮಾಲೆ ಬಹಳ ಜನಕ್ಕೆ ತಾನಾಗೇ ಇಳಿಯುತ್ತೆ. ಪಿತ್ತನಾಳದಲ್ಲಿ ಕಲ್ಲು ಕೂತವರು ನಿನ್ನ ಹತ್ತಿರ ಮೂರು ವಾರ ಕಳೆದರೆ ಜೀವಕ್ಕೇ ಕುತ್ತು.

ಅಜ್ಜಿ: ಮಲ ಬೆಳ್ಳಗಾಗಿ ಮೈ ಕೆರ್ಕೊಳ್ಳೋರಿಗೆ ನಾನು ಮದ್ದು ಕೊಡೋದಿಲ್ಲ. ಆಸ್ಪತ್ರೆಗೆ ಕಳಿಸ್ತೀನಿ.

ಮೊಮ್ಮಗಳು: (ಲೋಟ ಕೆಳಗಿಟ್ಟು) ನಾಳ ಕಟ್ಟಿದ ಗುರುತು ಅಂತ ನಾವು ಓದಿದ್ದೂ ಅದನ್ನೇ! ನಿನಗೆ ಯಾರು ಹೇಳಿದರು?

ಅಜ್ಜಿ: ಇಬ್ಬರು ಉಳೀಲಿಲ್ಲ. ಅಲ್ಲಿಂದ ಗೊತ್ತಾಯ್ತು.

(ಸ್ವಲ್ಪ ಹೊತ್ತು ಕಲ್ಲಿನ ಸದ್ದು ಮಾತ್ರ.)

ಅಜ್ಜಿ: ನಿಮ್ಮವರು ನೆಲನೆಲ್ಲಿ ಪರೀಕ್ಷೆ ಮಾಡಿಲ್ವಾ?

ಮೊಮ್ಮಗಳು: ಮಾಡಿದ್ದಾರೆ. 1988ರಲ್ಲಿ ಮದ್ರಾಸಿನಲ್ಲಿ ಇದನ್ನು ಕೊಟ್ಟಾಗ, ಹೆಪಟೈಟಿಸ್ ಬಿ ಇದ್ದ ಅರ್ಧಕ್ಕಿಂತ ಹೆಚ್ಚು ಜನರ ರಕ್ತದಲ್ಲಿ ಸೋಂಕಿನ ಗುರುತು ಮಾಯವಾಯ್ತು ಅಂತ ವರದಿ ಬಂತು. ಬೇರೆ ಕಡೆ ಮಾಡಿ ನೋಡಿದರೆ ಆ ಫಲ ಸಿಗಲಿಲ್ಲ.

ಅಜ್ಜಿ: ಯಾವ ಗಿಡ ಕಿತ್ತಿದ್ದರೋ! ದಂಟು ಕೆಂಪಿರೋದು ಬೇರೆ ಜಾತಿ. (ಕೈ ತೊಳೆಯುತ್ತ) ಮಳೆ ಹೊಳವಾಗಲಿ, ಗದ್ದೆ ಬದುವಿಗೆ ಬಾ, ತೋರಿಸ್ತೀನಿ.

ಮೊಮ್ಮಗಳು: ಬರೆದುಕೊಳ್ಳಲಾ?

ಅಜ್ಜಿ: ಬರ್ಕೊ. ಒಂದು ಹಿಡಿ ಅಂತ ಬರೆಯೋ ಮುಂಚೆ ನನ್ನ ಹಿಡಿ ತೂಕ ಮಾಡು. ನಿನ್ನ ಕೈ ದೊಡ್ಡದು.