ಉಷ್ಣಪರೀಷಹವೂ ಶ್ರಾವಕರ ಉಪವಾಸವೂ



ಮುನಿಗಳು ಸಮಭಾವದಿಂದ ಜಯಿಸಬೇಕಾದ ಇಪ್ಪತ್ತೆರಡು ಪರೀಷಹಗಳಲ್ಲಿ ಕ್ಷುಧೆ, ಪಿಪಾಸೆ, ಶೀತಗಳ ಬಳಿಕ ನಾಲ್ಕನೆಯದಾಗಿ ಬರುವುದು ಉಷ್ಣಪರೀಷಹ. ಕಾದ ಬಂಡೆ, ಬಿಸಿಗಾಳಿ, ನೆರಳಿಲ್ಲದ ದಾರಿ ಇವುಗಳ ನಡುವೆಯೂ ತಂಪನ್ನು ಬಯಸದೆ ಆತ್ಮಧ್ಯಾನದಿಂದ ಕದಲದಿರುವುದೇ ಅದರ ಜಯ. ಈ ಮಾತನ್ನು ಕೇಳುತ್ತ ಬೆಳೆದ ನಮ್ಮ ಮನೆಗಳಲ್ಲಿ, ಬೇಸಗೆಯ ಅಷ್ಟಮಿ ಚತುರ್ದಶಿಗಳಂದು ನೀರನ್ನೂ ತ್ಯಜಿಸಿ ಉಪವಾಸವಿರುವ ವೃದ್ಧ ಮಾತೆಯರು ಇಂದಿಗೂ ಇದ್ದಾರೆ. ಅವರ ಶ್ರದ್ಧೆ ವಂದನೀಯವಾದುದು. ಆದರೆ ಅವರು ವ್ರತವನ್ನು ಸ್ವೀಕರಿಸಿದ ಕಾಲದ ಬೇಸಗೆ ಬೇರೆ, ಇಂದಿನ ಬೇಸಗೆ ಬೇರೆ. ಇದನ್ನು ವಿಚಾರಿಸದೆ ಇರುವುದು ವಿವೇಕವೆನಿಸದು.

1850ರಿಂದ 1900ರವರೆಗಿನ ಕಾಲಕ್ಕೆ ಹೋಲಿಸಿದರೆ 2011ರಿಂದ 2020ರ ದಶಕದಲ್ಲಿ ಭೂಮಂಡಲದ ಸರಾಸರಿ ಉಷ್ಣತೆ 1.1 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿತ್ತು. 2024ನೆಯ ವರ್ಷದಲ್ಲಿ ಆ ಏರಿಕೆ ಸುಮಾರು ಒಂದೂವರೆ ಡಿಗ್ರಿಯನ್ನು ಮುಟ್ಟಿತು. ಇಷ್ಟೇ ತಾನೆ ಎಂದು ಅನ್ನಿಸುವುದು ಸಹಜ. ಆದರೆ ಸರಾಸರಿಯ ಅಲ್ಪ ಏರಿಕೆಯೂ ಅತಿರೇಕದ ದಿನಗಳನ್ನು ಹಲವು ಪಟ್ಟು ಹೆಚ್ಚಿಸುತ್ತದೆ. ವಿಶ್ವಸಂಸ್ಥೆಯ ಹವಾಮಾನ ಸಮಿತಿಯು 2021ರಲ್ಲಿ ಪ್ರಕಟಿಸಿದ ವರದಿಯಂತೆ, ಹಿಂದೆ ಹತ್ತು ವರ್ಷಕ್ಕೊಮ್ಮೆ ಬರುತ್ತಿದ್ದಂಥ ಕಡುತಾಪವು ಒಂದು ಡಿಗ್ರಿ ಏರಿದ ಜಗತ್ತಿನಲ್ಲಿ ಅದೇ ಅವಧಿಗೆ ಸುಮಾರು ಮೂರು ಬಾರಿ, ಒಂದೂವರೆ ಡಿಗ್ರಿ ಏರಿದಾಗ ನಾಲ್ಕು ಬಾರಿ, ಎರಡು ಡಿಗ್ರಿ ಏರಿದಾಗ ಐದಾರು ಬಾರಿ ಬರುವುದು. ತಾಪವು ಋತುವಿನ ಮೇರೆಯನ್ನೂ ಮೀರಿ ಮುಂದೆ ಬರುತ್ತಿದೆ. 2022ರ ಮಾರ್ಚ್ ತಿಂಗಳು ಭಾರತದಲ್ಲಿ 1901ರಿಂದೀಚೆಗೆ ಅಲ್ಲಿಯವರೆಗಿನ ಅತ್ಯಂತ ಬಿಸಿಯಾದ ಮಾರ್ಚ್ ಆಗಿತ್ತು. ಆ ವರ್ಷದ ಫಾಲ್ಗುಣ ಮಾಸದ ಅಷ್ಟಾಹ್ನಿಕ ಪರ್ವವು ಅದೇ ತಿಂಗಳಲ್ಲಿ ಬಂದಿತ್ತೆಂಬುದನ್ನು ವ್ರತಿಗಳು ಬಲ್ಲರು. ತಂಪಿಗೆ ಹೆಸರಾದ ಬೆಂಗಳೂರಿನಲ್ಲಿಯೂ 2016ರ ಏಪ್ರಿಲ್‌ನಲ್ಲಿ ಉಷ್ಣತೆ 39.2 ಡಿಗ್ರಿಗೆ ಏರಿತ್ತು.

ದೇಹವು ತಾಪವನ್ನು ಕಳೆದುಕೊಳ್ಳುವ ಮುಖ್ಯ ಮಾರ್ಗ ಬೆವರು. ಒಂದು ಲೀಟರ್ ಬೆವರು ಚರ್ಮದ ಮೇಲೆ ಆರಿದರೆ ಸುಮಾರು 580 ಕಿಲೋಕ್ಯಾಲೊರಿಯಷ್ಟು ಶಾಖ ದೇಹದಿಂದ ಹೊರಹೋಗುತ್ತದೆ. ನೀರಿಲ್ಲದವನಿಗೆ ಬೆವರು ಎಲ್ಲಿಂದ ಬರಬೇಕು? ಗಾಳಿ ಒಂದು ಡಿಗ್ರಿ ಬಿಸಿಯಾದರೆ ಶೇಕಡ 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿಯಬಲ್ಲುದು. ಗಾಳಿಯಲ್ಲಿ ತೇವ ತುಂಬಿದಷ್ಟೂ ಬೆವರು ಆರದೆ ಹರಿದು ವ್ಯರ್ಥವಾಗುತ್ತದೆ. ಈ ಕಾರಣದಿಂದ ಕಾರ್ಕಳ ಮೂಡಬಿದಿರೆಗಳ ತೇವದ ಸೆಕೆಯು ಅಂಕಿಯಲ್ಲಿ ಕಡಿಮೆಯಿದ್ದರೂ ವಿಜಯಪುರದ ಒಣ ಬಿಸಿಲಿಗಿಂತ ಹಗುರವಾದುದಲ್ಲ. ಹವಾಮಾನ ಇಲಾಖೆಯೂ ಬಿಸಿಗಾಳಿಯನ್ನು ಸಾರಲು ಬಯಲುನಾಡಿಗೆ 40 ಡಿಗ್ರಿಯನ್ನೂ ಕರಾವಳಿಗೆ 37 ಡಿಗ್ರಿಯನ್ನೂ ಕನಿಷ್ಠ ಮಿತಿಯಾಗಿ ಇಟ್ಟಿದೆ. ಇನ್ನು ರಾತ್ರಿಯ ವಿಚಾರ. ಹಗಲಿನಂತೆ ರಾತ್ರಿಗಳೂ ಬಿಸಿಯಾಗುತ್ತಿವೆ. ಹಿಂದೆ ಉಪವಾಸಿಯ ದೇಹವು ತಂಪಾದ ರಾತ್ರಿಯಲ್ಲಿ ಚೇತರಿಸಿಕೊಳ್ಳುತ್ತಿತ್ತು. ಈಗ ಎಷ್ಟೋ ಕಡೆ ಆ ವಿರಾಮವೂ ದೊರೆಯದು.

ಇದೆಲ್ಲವೂ ದುಃಷಮ ಕಾಲದ ಲಕ್ಷಣ, ಅವಸರ್ಪಿಣಿಯ ಕೊನೆಗೆ ಅಗ್ನಿವೃಷ್ಟಿಯಾಗುವುದೆಂದು ಶಾಸ್ತ್ರವೇ ಹೇಳಿದೆಯಲ್ಲ ಎಂದು ಕೆಲವರು ಸಮಾಧಾನ ಹೇಳುವುದುಂಟು. ಈ ಸಮಾಧಾನವನ್ನು ನಾವು ಒಪ್ಪಲಾರೆವು. ಪಂಚಮ ಕಾಲದ ಪ್ರಮಾಣ 21,000 ವರ್ಷ. ನೂರೈವತ್ತು ವರ್ಷಗಳೊಳಗೆ ಆದ ಈ ಬದಲಾವಣೆಗೆ ಕಲ್ಲಿದ್ದಲು, ತೈಲಗಳ ದಹನವೇ ಮುಖ್ಯ ಕಾರಣ. ಅದರಿಂದ ವಾಯುವಿನಲ್ಲಿ ಇಂಗಾಲದ ಡೈಆಕ್ಸೈಡು ಹತ್ತು ಲಕ್ಷಕ್ಕೆ 280 ಭಾಗವಿದ್ದುದು 420ನ್ನು ದಾಟಿದೆ. ಪ್ರಯೋಜನವಿಲ್ಲದೆ ಬೆಂಕಿ ಉರಿಸುವುದು, ನೀರು ಚೆಲ್ಲುವುದು, ಮರ ಕಡಿಯುವುದು ಪ್ರಮಾದಚರ್ಯೆಯೆಂದು ಅನರ್ಥದಂಡವಿರತಿಯಲ್ಲಿ ಆಚಾರ್ಯರು ಎಣಿಸಿರುವಾಗ, ಮದುವೆಯ ಮಂಟಪಕ್ಕೆ ಹಗಲಿನಲ್ಲಿಯೂ ಸಾವಿರ ದೀಪ ಹೊತ್ತಿಸುವ ನಾವು ಕಾಲವನ್ನು ದೂರುವುದು ಹೇಗೆ?

ಹಾಗಾದರೆ ವ್ರತಿಯು ಮಾಡತಕ್ಕದ್ದೇನು? ಷೋಡಶಕಾರಣ ಭಾವನೆಗಳಲ್ಲಿ ತಪಸ್ಸಿನ ಹಿಂದೆ ‘ಶಕ್ತಿತಃ’ ಎಂಬ ಪದವಿದೆ. ಶಕ್ತಿಯನ್ನು ಅಡಗಿಸಬಾರದು, ಮೀರಲೂಬಾರದು. ಪ್ರೋಷಧೋಪವಾಸದಲ್ಲಿ ಉತ್ತಮ, ಮಧ್ಯಮ, ಜಘನ್ಯ ಎಂಬ ಭೇದಗಳಿದ್ದು, ಮಧ್ಯಮದಲ್ಲಿ ನೀರೊಂದನ್ನುಳಿದು ಮಿಕ್ಕ ಆಹಾರಗಳ ತ್ಯಾಗವನ್ನು ಹೇಳಿದೆ. ವೃದ್ಧರು, ಗರ್ಭಿಣಿಯರು, ಮೂತ್ರಪಿಂಡ ಹೃದಯಗಳ ವ್ಯಾಧಿಯುಳ್ಳವರು, ರಕ್ತದೊತ್ತಡಕ್ಕೋ ಸಕ್ಕರೆ ಕಾಯಿಲೆಗೋ ಮಾತ್ರೆ ಸೇವಿಸುವವರು ವೈಶಾಖ ಜ್ಯೇಷ್ಠಗಳ ತಾಪದಲ್ಲಿ ವೈದ್ಯರನ್ನೂ ಗುರುಗಳನ್ನೂ ಕೇಳಿ, ಪ್ರತ್ಯಾಖ್ಯಾನದ ಸಮಯದಲ್ಲಿಯೇ ತಮಗೆ ಸಲ್ಲುವ ಬಗೆಯನ್ನು ನಿಶ್ಚಯಿಸಿಕೊಳ್ಳುವುದು ಯುಕ್ತ. ಮಧ್ಯಾಹ್ನದಲ್ಲಿ ತಲೆ ತಿರುಗಿದ ಮೇಲೆ ಯೋಚಿಸುವುದಲ್ಲ. ಮನೆಯ ಕಿರಿಯರು “ಅಜ್ಜಿ ಹೇಗೂ ತಡೆದುಕೊಳ್ಳುತ್ತಾರೆ” ಎಂದು ಸುಮ್ಮನಿರಬಾರದು.

ಇನ್ನೊಂದು ಮಾತು ಇದಕ್ಕಿಂತ ಗುರುತರವಾದುದು. ಸ್ವೇಚ್ಛೆಯಿಂದ ಸಹಿಸಿದ ತಾಪವು ಪರೀಷಹಜಯ. ಪರರಿಂದ ಬಲವಂತವಾಗಿ ಸಹಿಸಿಸಿದ ತಾಪವು ಹಿಂಸೆ. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಕೊನೆಯ ಎರಡು ಅತಿಭಾರಾರೋಪಣ ಮತ್ತು ಅನ್ನಪಾನನಿರೋಧ. ಎತ್ತಿನ ಬಂಡಿಯ ವಿಷಯದಲ್ಲಿ ಇವನ್ನು ನಾವು ಬಾಯಿಪಾಠ ಮಾಡಿದ್ದೇವೆ. ಅಂಗಡಿಯ ಹಮಾಲನ ವಿಷಯದಲ್ಲಿ, ಕಬ್ಬಿನ ಕಟಾವಿಗೆ ಬಂದ ತಂಡದ ವಿಷಯದಲ್ಲಿ ಮರೆಯುತ್ತೇವೆ. ಅಹಮದಾಬಾದಿನಲ್ಲಿ 2010ರ ಮೇ ತಿಂಗಳಲ್ಲಿ ಉಷ್ಣತೆ 46.8 ಡಿಗ್ರಿ ಮುಟ್ಟಿದಾಗ, ಆ ಒಂದು ತಿಂಗಳಲ್ಲಿ ವಾಡಿಕೆಗಿಂತ 1,344 ಮಂದಿ ಹೆಚ್ಚಾಗಿ ಮೃತರಾದರು. ಬಳಿಕ 2013ರಲ್ಲಿ ಆ ನಗರವು ಮುನ್ನೆಚ್ಚರಿಕೆ ಸಾರುವುದು, ಕುಡಿಯುವ ನೀರಿನ ಏರ್ಪಾಡು, ಆಸ್ಪತ್ರೆಯವರಿಗೆ ತರಬೇತಿ ಇವನ್ನೊಳಗೊಂಡ ಯೋಜನೆಯನ್ನು ಜಾರಿಗೆ ತಂದಿತು. ಒಂದು ನಗರ ಮಾಡಿದ್ದನ್ನು ಒಂದು ಮನೆತನ ಮಾಡಲಾರದೆ?

ಚತುರ್ದಶಿಯಂದು ತಾನು ನೀರು ಬಿಟ್ಟ ಯಜಮಾನನು, ಸೋಸಿದ ನೀರಿನ ಕೊಡ ಹೊಲದ ಬದುವಿಗೆ ತಲುಪಿತೇ ಎಂದು ಮೊದಲು ವಿಚಾರಿಸಲಿ. ಹನ್ನೆರಡರಿಂದ ಮೂರು ಗಂಟೆಯವರೆಗೆ ಕೆಲಸ ನಿಲ್ಲಿಸಿ, ಬೆಳಗಿನ ಜಾವ ಆರಂಭಿಸಲಿ. ಆ ಹೊತ್ತಿನ ಕೂಲಿಯನ್ನು ಕಡಿಯದಿರಲಿ. ಯಾರಾದರೂ ಮಾತು ತಡವರಿಸಿ, ಮೈ ಕಾದು, ಮಂಕಾಗಿ ಕುಳಿತರೆ ಅದು ಆಯಾಸವೆಂದು ತಿಳಿಯದೆ, ನೆರಳಿಗೆ ತಂದು ಮೈಮೇಲೆ ನೀರು ಸುರಿದು ಗಾಳಿ ಬೀಸುತ್ತ ಕೂಡಲೇ ಆಸ್ಪತ್ರೆಗೆ ಒಯ್ಯತಕ್ಕದ್ದು. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬಾರದು. ಅದು ಶ್ವಾಸನಾಳಕ್ಕೆ ಹೋಗುವ ಭಯವಿದೆ.