ಪ್ರಲೋಭನೆಯ ಗಳಿಗೆಯಲ್ಲಿ ಪ್ರಾರ್ಥನೆ

ವ್ರತವನ್ನು ಸ್ವೀಕರಿಸುವುದು ಒಂದು ಗಳಿಗೆಯ ಕೆಲಸ. ಸ್ವೀಕರಿಸಿದ ವ್ರತವನ್ನು ಕಾಪಾಡಿಕೊಳ್ಳುವುದು ಪ್ರತಿ ಗಳಿಗೆಯ ಕೆಲಸ. ದಶಲಕ್ಷಣ ಪರ್ವದ ಕಡೆಯ ದಿನವಾದ ಅನಂತ ಚತುರ್ದಶಿಯಂದು ನಂಜನಗೂಡಿನ ಶ್ರಾವಿಕೆಯೊಬ್ಬಳು ಉಪವಾಸವನ್ನು ಕೈಗೊಂಡಿದ್ದಾಳೆಂದು ಊಹಿಸಬಹುದು. ಹೊತ್ತು ಇಳಿದಿದೆ, ಮನೆಯಲ್ಲಿ ಯಾರೂ ಇಲ್ಲ. ಆ ಊರಿನ ಹೆಸರನ್ನೇ ಹೊತ್ತ ರಸಬಾಳೆಯ ಚಿಪ್ಪೊಂದು ಅಡುಗೆಮನೆಯಲ್ಲಿ ಹಣ್ಣಾಗಿ ಕಂಪು ಬೀರುತ್ತಿದೆ. ಕೈ ಮುಂದೆ ಹೋಗುತ್ತದೆ. ಅರ್ಧ ಹಣ್ಣು ಬಾಯಿಗೆ ಸೇರಿದ ಮೇಲೆ ಎಚ್ಚರ ಬರುತ್ತದೆ. ಕಂಡವರಿಲ್ಲ. ಮರುದಿನ ಪಾರಣೆಯ ವೇಳೆಗೆ ಬಂಧುಗಳು ಬಂದು ಆಕೆಯ ದೃಢತೆಯನ್ನು ಕೊಂಡಾಡುತ್ತಾರೆ. ಆಕೆ ತಲೆ ತಗ್ಗಿಸಿ ಸುಮ್ಮನಿರುತ್ತಾಳೆ. ಹಣ್ಣಿನ ಪ್ರಲೋಭನೆ ಒಂದು ನಿಮಿಷದ್ದು. ಹೊಗಳಿಕೆಯನ್ನು ಉಳಿಸಿಕೊಳ್ಳುವ ಪ್ರಲೋಭನೆ ಬಹುಕಾಲದ್ದು.

ಕಪಿಲೆಯ ಹರಿವಿನೊಡನೆ ಕೆಳಗೆ ಸಾಗಿ, ಅದು ಕಾವೇರಿಯನ್ನು ಕೂಡುವ ತಿರುಮಕೂಡಲು ನರಸೀಪುರಕ್ಕೆ ಬಂದರೂ ಇದೇ ಕಥೆ ಬೇರೊಂದು ರೂಪದಲ್ಲಿ ಎದುರಾಗಬಹುದು. ಅಚೌರ್ಯಾಣುವ್ರತವನ್ನು ತಳೆದ ಭತ್ತದ ವರ್ತಕನಿಗೆ ಸುಗ್ಗಿಯ ಕಾಲದಲ್ಲಿ ಮೂಟೆಗೆ ಅರ್ಧ ಕಿಲೋ ಹೆಚ್ಚಾಗಿ ತೂಗಿಕೊಳ್ಳುವ ಆಸೆ ಹುಟ್ಟುತ್ತದೆ. ಕೊಳ್ಳುವಾಗ ಹೆಚ್ಚು, ಕೊಡುವಾಗ ಕಡಿಮೆ ಅಳೆಯುವುದನ್ನು ತತ್ತ್ವಾರ್ಥಸೂತ್ರವು ಆ ವ್ರತದ ಐದು ಅತಿಚಾರಗಳಲ್ಲಿ ಒಂದೆಂದು ಎಣಿಸಿದೆ. ವರ್ತಕನಿಗೆ ಇದು ತಿಳಿಯದ ಸಂಗತಿಯಲ್ಲ. ತಿಳಿದದ್ದು ತಕ್ಕಡಿಯ ಮುಂದೆ ನೆನಪಿಗೆ ಬರುವುದಿಲ್ಲ, ಅಷ್ಟೆ.

ಇಂತಹ ಗಳಿಗೆಯಲ್ಲಿ ಶ್ರಾವಕನು ಯಾರನ್ನು ಕರೆಯಬೇಕು? ಜಿನೇಶ್ವರನು ವೀತರಾಗ. ಆತನು ಮೆಚ್ಚಿ ಕೊಡುವವನಲ್ಲ, ಮುನಿದು ಕಸಿಯುವವನಲ್ಲ, ಜಾರುವವನ ಕೈಯನ್ನು ಬಂದು ಹಿಡಿಯುವವನೂ ಅಲ್ಲ. ಹಾಗಾದರೆ ಪ್ರಾರ್ಥನೆಯಿಂದ ಪ್ರಯೋಜನವೇನು?

ಈ ಪ್ರಶ್ನೆಗೆ ತೀರ ಭಿನ್ನವಾದ ನೆಲೆಯಿಂದ ಉತ್ತರ ಕೊಡುವ ಯಹೂದಿ ಧರ್ಮವನ್ನು ಒಮ್ಮೆ ನೋಡುವುದು ಉಪಯುಕ್ತ. ಆ ಧರ್ಮದವರು ಭಾರತಕ್ಕೆ ಅಪರಿಚಿತರಲ್ಲ. 1568ರಲ್ಲಿ ಕಟ್ಟಿದ ಅವರ ಪ್ರಾರ್ಥನಾಮಂದಿರವು ಕೊಚ್ಚಿಯಲ್ಲಿ ಇಂದಿಗೂ ನಿಂತಿದೆ. ಮನುಷ್ಯನನ್ನು ಕೆಡುಕಿನ ಕಡೆಗೆ ಸೆಳೆಯುವ ಒಳಗಿನ ಒಲವಿಗೆ ಅವರು ‘ಯೇಟ್ಸೆರ್ ಹಾರಾ’ ಎಂದು ಹೆಸರಿಟ್ಟಿದ್ದಾರೆ. ಅವರ ತಾಲ್ಮುದ್ ಗ್ರಂಥದ ಪ್ರಕಾರ ಈ ಒಲವು ಮೊದಲು ದಾರಿಹೋಕನಂತೆ ಬರುತ್ತದೆ, ಆಮೇಲೆ ಅತಿಥಿಯಾಗುತ್ತದೆ, ಕಡೆಗೆ ಮನೆಯ ಯಜಮಾನನಾಗುತ್ತದೆ. ಅದನ್ನು ಗೆಲ್ಲಲು ಅಲ್ಲಿ ಹೇಳಿರುವ ಕ್ರಮವೂ ಗಮನಾರ್ಹ: ಒಳ್ಳೆಯ ಒಲವನ್ನು ಅದರ ಮೇಲೆ ಎಬ್ಬಿಸುವುದು; ಸಾಲದಿದ್ದರೆ ಶಾಸ್ತ್ರಾಧ್ಯಯನ; ಅದೂ ಸಾಲದಿದ್ದರೆ ದೇವನ ಏಕತ್ವವನ್ನು ಸಾರುವ ‘ಶೆಮಾ’ ಪಠನ; ಕಡೆಗೆ ಮರಣದಿನದ ಸ್ಮರಣೆ.

ಯಹೂದಿಗಳ ನಿತ್ಯದ ಮುಖ್ಯ ಪ್ರಾರ್ಥನೆಯನ್ನು ತುಟಿ ಅಲುಗಿಸುತ್ತ, ತನ್ನ ಕಿವಿಗೆ ಮಾತ್ರ ಕೇಳುವಂತೆ ಹೇಳುತ್ತಾರೆ. ಬ್ರಾತ್ಸ್ಲಾವ್‌ನ ರಬ್ಬಿ ನಹ್ಮಾನ್ (1772–1810) ಎಂಬ ಗುರು ಇನ್ನೂ ಮುಂದೆ ಹೋದರು. ಪ್ರತಿದಿನ ಒಂದಷ್ಟು ಹೊತ್ತು ಏಕಾಂತದಲ್ಲಿ, ಕೋಣೆಯಲ್ಲಾಗಲಿ ಹೊಲದಲ್ಲಾಗಲಿ, ಶಾಸ್ತ್ರಭಾಷೆಯಲ್ಲಲ್ಲದೆ ಮನೆಮಾತಿನಲ್ಲಿಯೇ, ತನ್ನ ದೌರ್ಬಲ್ಯವನ್ನೆಲ್ಲ ದೇವರ ಮುಂದೆ ಹೇಳಿಕೊಳ್ಳಬೇಕೆಂದು ಅವರು ಬೋಧಿಸಿದರು. ಮಾತು ಹೊರಡದಿದ್ದರೆ, ಮಾತು ಹೊರಡದೆಂಬುದನ್ನೇ ಹೇಳಿಕೊಳ್ಳಬೇಕು. ಆದರೂ ಯಹೂದಿಯ ಭರವಸೆ ದೇವರ ಮೇಲೆಯೇ ನಿಂತಿದೆ; ದೇವರ ನೆರವಿಲ್ಲದೆ ಮನುಷ್ಯನು ಆ ಒಲವನ್ನು ಗೆಲ್ಲಲಾರನೆಂದು ತಾಲ್ಮುದ್ ಹೇಳುತ್ತದೆ.

ಜೈನದರ್ಶನವು ಇಲ್ಲಿ ಬೇರೆಯ ದಾರಿಯನ್ನು ಹಿಡಿಯುತ್ತದೆ. ಈ ಭೇದವನ್ನು ಮರೆಮಾಡಬೇಕಾಗಿಲ್ಲ. ನಂಜನಗೂಡಿನಿಂದ ಕವಲಂದೆಯ ದಾರಿಯಲ್ಲಿ ಸಾಗಿದರೆ ಮಲೆಯೂರಿನ ಕನಕಗಿರಿ ಸಿಗುತ್ತದೆ. ಆ ಬೆಟ್ಟವನ್ನು ಸಂಪ್ರದಾಯವು ಪೂಜ್ಯಪಾದಾಚಾರ್ಯರ ತಪೋಭೂಮಿಯೆಂದು ಗೌರವಿಸುತ್ತದೆ. ತಿ. ನರಸೀಪುರ ತಾಲ್ಲೂಕಿನ ತಲಕಾಡಿನಿಂದ ಆಳಿದ ಗಂಗರ ಕಾಲದೊಡನೆಯೂ ಅವರ ಹೆಸರು ಬೆಸೆದುಕೊಂಡಿದೆ. ಆತ್ಮನನ್ನು ಸಂಸಾರಕ್ಕೆ ಒಯ್ಯುವವನೂ ನಿರ್ವಾಣಕ್ಕೆ ಒಯ್ಯುವವನೂ ಆತ್ಮನೇ, ಆದುದರಿಂದ ಪರಮಾರ್ಥದಲ್ಲಿ ಆತ್ಮನಿಗೆ ಆತ್ಮನೇ ಗುರು ಎಂಬುದು ಅವರ ಸಮಾಧಿತಂತ್ರದ ನಿಲುವು. ಹೊರಗಿನ ಕೈಯೊಂದು ಬಂದು ರಸಬಾಳೆಯನ್ನು ದೂರ ಸರಿಸುವುದೆಂದು ಶ್ರಾವಕನು ಕಾಯುವಂತಿಲ್ಲ.

ಹಾಗೆಂದು ಪ್ರಾರ್ಥನೆ ವ್ಯರ್ಥವೂ ಅಲ್ಲ. ಸಮಂತಭದ್ರಾಚಾರ್ಯರು ಸ್ವಯಂಭೂಸ್ತೋತ್ರದಲ್ಲಿ ವಾಸುಪೂಜ್ಯ ತೀರ್ಥಂಕರರನ್ನು ಸ್ತುತಿಸುತ್ತ ಈ ಪ್ರಶ್ನೆಯನ್ನು ನೇರವಾಗಿ ಎದುರಿಸಿದ್ದಾರೆ. ವೀತರಾಗನಿಗೆ ಪೂಜೆಯಿಂದ ಆಗಬೇಕಾದುದೇನೂ ಇಲ್ಲ, ನಿಂದೆಯಿಂದಲೂ ಇಲ್ಲ. ಆದರೂ ಆತನ ಪುಣ್ಯಗುಣಗಳ ಸ್ಮರಣೆಯು ಭಕ್ತನ ಚಿತ್ತಕ್ಕೆ ಅಂಟಿದ ಪಾಪದ ಕಾಡಿಗೆಯನ್ನು ತೊಳೆಯುತ್ತದೆ ಎಂಬುದು ಅವರ ಸಮಾಧಾನ. ಇಲ್ಲಿ ಮುಖ್ಯವಾದುದು ಸ್ಮರಣೆ. ಸಾಮಾಯಿಕಕ್ಕೂ ಪ್ರೋಷಧೋಪವಾಸಕ್ಕೂ ಹೇಳಿರುವ ಅತಿಚಾರಗಳ ಪಟ್ಟಿಗಳೆರಡರಲ್ಲಿಯೂ ಅನಾದರ ಮತ್ತು ಸ್ಮೃತ್ಯನುಪಸ್ಥಾನ, ಅಂದರೆ ಆದರವಿಲ್ಲದಿರುವುದು ಮತ್ತು ನೆನಪು ನಿಲ್ಲದಿರುವುದು, ಸೇರಿವೆ. ವ್ರತಿಯನ್ನು ಬೀಳಿಸುವುದು ಹಸಿವಿಗಿಂತ ಹೆಚ್ಚಾಗಿ ಮರೆವು. ತಾನು ಯಾರು, ಏನನ್ನು ಸಂಕಲ್ಪಿಸಿದ್ದೇನೆ ಎಂಬುದು ಮರೆತ ಗಳಿಗೆಯಲ್ಲಿ ಕೈ ಮುಂದೆ ಹೋಗುತ್ತದೆ. ಪ್ರಾರ್ಥನೆಯು ಆ ಮರೆವಿಗೆ ಮದ್ದು.

ಮದ್ದನ್ನು ಯಾವಾಗ ಕೊಡಬೇಕೆಂಬುದನ್ನೂ ಹಿರಿಯರು ತಿಳಿಸಿದ್ದಾರೆ. ಅತಿಕ್ರಮ, ವ್ಯತಿಕ್ರಮ, ಅತಿಚಾರ, ಅನಾಚಾರ ಎಂಬ ನಾಲ್ಕು ಮೆಟ್ಟಿಲುಗಳನ್ನು ಬೇಲಿಯ ಬಳಿಯ ಎತ್ತಿನ ದೃಷ್ಟಾಂತದಿಂದ ವಿವರಿಸುವುದುಂಟು. ಕಪಿಲೆಯ ದಡದ ಹಸುರು ಗದ್ದೆಯನ್ನು ಕಂಡ ಎತ್ತಿಗೆ ಮೇಯುವ ಮನಸ್ಸಾಗುವುದು ಅತಿಕ್ರಮ. ಬೇಲಿಯೊಳಗೆ ತಲೆ ತೂರಿಸುವುದು ವ್ಯತಿಕ್ರಮ. ಒಂದು ಬಾಯಿ ಕಚ್ಚುವುದು ಅತಿಚಾರ. ಒಳನುಗ್ಗಿ ಮನಬಂದಂತೆ ಮೇಯುವುದು ಅನಾಚಾರ. ದಾರಿಹೋಕನು ಯಜಮಾನನಾಗುವ ಯಹೂದಿ ದೃಷ್ಟಾಂತವೂ ಇದನ್ನೇ ಹೇಳುತ್ತದೆ. ಎತ್ತು ಬೇಲಿಯ ಹೊರಗಿರುವಾಗ ಒಂದು ಕೂಗು ಸಾಕು. ಗದ್ದೆಯ ನಡುವೆ ನಿಂತ ಮೇಲೆ ಅದನ್ನು ಹೊರಡಿಸಲು ಊರವರೇ ಬೇಕು.

ಆದುದರಿಂದ ಪ್ರಲೋಭನೆಯ ಗಳಿಗೆಯ ಪ್ರಾರ್ಥನೆಯು ದೀರ್ಘವಾಗಿರಬೇಕಾಗಿಲ್ಲ, ನಿಜವಾಗಿರಬೇಕು. ಣಮೋಕಾರ ಮಂತ್ರವನ್ನು ಜಪಿಸಿದ ಮೇಲೆ, ಮನದಲ್ಲಿ ಎದ್ದ ಆಸೆಯನ್ನು ಅದರ ಹೆಸರಿನಿಂದಲೇ ಕರೆದು ತಿಳಿಗನ್ನಡದಲ್ಲಿ ಹೇಳಿಕೊಳ್ಳುವುದು ಆಲೋಚನೆಯೇ ಆಗುತ್ತದೆ. ಪ್ರಾಕೃತ, ಸಂಸ್ಕೃತ ಪಾಠಗಳು ಪೂಜ್ಯವಾದುವು. ಆದರೆ ಅರ್ಥವರಿಯದೆ ಒಪ್ಪಿಸುವ ಪಾಠದ ಮರೆಯಲ್ಲಿ ತನ್ನ ದೋಷವನ್ನು ಅಡಗಿಸಿಡುವುದು ಸುಲಭ. ‘ಹಣ್ಣಿನ ಮೇಲೆ ಮನಸ್ಸು ಹೋಯಿತು’, ‘ತೂಕದಲ್ಲಿ ಕದಿಯಲು ಬಯಸಿದೆ’ ಎಂಬ ಮಾತಿನ ಹಿಂದೆ ಅಡಗಲು ಸ್ಥಳವಿಲ್ಲ. ಸಾಮಾಯಿಕಕ್ಕೆ ಏಕಾಂತಸ್ಥಳವನ್ನು ರತ್ನಕರಂಡಕ ಶ್ರಾವಕಾಚಾರವು ವಿಧಿಸಿರುವುದರ ಬೆಲೆ ಇಲ್ಲಿ ತಿಳಿಯುತ್ತದೆ. ಏಕಾಂತದಲ್ಲಿ ಹೊಗಳುವವರಿಲ್ಲ, ಹೊಗಳುವವರಿಲ್ಲದ ಕಡೆ ನಟನೆಗೆ ಪ್ರಯೋಜನವಿಲ್ಲ.

ಪ್ರಾರ್ಥನೆಯು ಏಕಾಂತದಲ್ಲಿಯೇ ಮುಗಿದರೂ ಸಾಲದು. ಯೋಮ್ ಕಿಪ್ಪುರ್ ಎಂಬ ಮಹೋಪವಾಸದ ದಿನವು ದೇವರಿಗೆ ಮಾಡಿದ ಅಪರಾಧವನ್ನು ಕಳೆದರೂ, ನೆರೆಯವನಿಗೆ ಮಾಡಿದುದನ್ನು ಅವನನ್ನು ಸಮಾಧಾನಪಡಿಸುವವರೆಗೆ ಕಳೆಯದೆಂದು ಯಹೂದಿ ಶಾಸ್ತ್ರ ಹೇಳುತ್ತದೆ. ದಶಲಕ್ಷಣದ ಬೆನ್ನಿಗೆ ಬರುವ ಕ್ಷಮಾವಾಣಿಯ ಮರ್ಮವೂ ಇದಕ್ಕೆ ದೂರವಲ್ಲ. ತೂಕದಲ್ಲಿ ಕದ್ದ ವರ್ತಕನು ‘ಕ್ಷಮಿಸಿ’ ಎಂದು ಕೈಮುಗಿದರೆ ಮುಗಿಯಲಿಲ್ಲ. ಅರ್ಧ ಕಿಲೋ ಭತ್ತ ರೈತನ ಮನೆಗೆ ಹಿಂತಿರುಗಬೇಕು.

ಆ ಶ್ರಾವಿಕೆಯ ಅರ್ಧ ಹಣ್ಣನ್ನು ಯಾವ ಪ್ರಾರ್ಥನೆಯೂ ತಿನ್ನದಂತೆ ಮಾಡಲಾರದು. ಆದರೆ ಏಕಾಂತದಲ್ಲಿ ಒಮ್ಮೆ ನಿಜವನ್ನು ತನಗೆ ತಾನೇ ಹೇಳಿಕೊಂಡವಳಿಗೆ ಗುರುಗಳ ಮುಂದೆ ಹೇಳಿ ಪ್ರಾಯಶ್ಚಿತ್ತ ಪಡೆಯುವುದು ಅಷ್ಟು ಕಠಿನವಾಗದು. ಹೊಗಳಲು ಬಂದ ಬಂಧುಗಳಿಗೆ ‘ಈ ಬಾರಿ ನನ್ನ ಉಪವಾಸ ಪೂರ್ಣವಾಗಲಿಲ್ಲ’ ಎನ್ನುವ ಧೈರ್ಯವೂ ಅದರಿಂದಲೇ ಬರುತ್ತದೆ. ಆಕೆಗೆ ಉಪವಾಸದ ಕೀರ್ತಿ ತಪ್ಪುತ್ತದೆ. ವ್ರತದ ಬೇಲಿ ಮತ್ತೆ ನಿಲ್ಲುತ್ತದೆ. ಮುಂದಿನ ಚತುರ್ದಶಿಗೆ ಆಕೆಗೆ ಬೇಕಾದುದು ಆ ಬೇಲಿಯೇ.