‘ಗೊತ್ತಿರಲಿಲ್ಲ’ ಎಂದರೆ ಸಾಕೇ?



ಕಳೆದ ಬೇಸಿಗೆ ರಜೆಯಲ್ಲಿ ನಮ್ಮ ಯುವಜನರ ಗುಂಪಿನ ಏಳೆಂಟು ಮಂದಿ ಉಡುಮಲಪೇಟೆಯ ಕಡೆ ಪರಿಚಯದವರೊಬ್ಬರ ತೆಂಗಿನ ತೋಟಕ್ಕೆ ಹೋಗಿದ್ದೆವು. ಮನೆಯ ಗೋಡೆಯಲ್ಲಿ ಅಜ್ಜನ ಕಾಲದ ಜೋಡುನಳಿಗೆ ಕೋವಿಯೊಂದು ತೂಗುತ್ತಿತ್ತು. ಬೆಳೆ ಕಾಯಲೆಂದು ಪಡೆದ ಲೈಸನ್ಸ್ ಈಗ ಯಜಮಾನರ ಹೆಸರಿಗೆ ಬಂದಿದೆ. ನಮ್ಮಲ್ಲೊಬ್ಬ ಅದನ್ನು ಇಳಿಸಿ, ಸಿನಿಮಾದಲ್ಲಿ ಮಾಡುವಂತೆ ಇನ್ನೊಬ್ಬನ ಎದೆಗೆ ಗುರಿಯಿಟ್ಟು ನಿಂತ. ಉಳಿದವರು ನಗುತ್ತಾ ಫೋಟೊ ತೆಗೆದೆವು. “ಖಾಲಿ ತಾನೇ ಅಂಕಲ್?” ಎಂದು ಕೇಳಿದ್ದೂ ಉಂಟು. “ಖಾಲಿನೇ ಕಣ್ರಪ್ಪಾ, ಅದನ್ನು ಮುಟ್ಟಿ ಎಷ್ಟು ಕಾಲವಾಯ್ತೋ” ಎಂದರು ಅವರು.

ಅಷ್ಟರಲ್ಲಿ ತೋಟ ನೋಡಿಕೊಳ್ಳುವ ಹಿರಿಯರು ಒಳಗೆ ಬಂದರು. ಏನೂ ಮಾತಾಡದೆ ಕೋವಿಯನ್ನು ಅವನ ಕೈಯಿಂದ ತೆಗೆದುಕೊಂಡು, ಬಾಯಿಯನ್ನು ನೆಲದ ಕಡೆ ಮಾಡಿ, ನಳಿಗೆಯನ್ನು ಮಡಿಚಿ ತೆರೆದರು. ಎಡಗಡೆಯ ನಳಿಗೆಯಲ್ಲಿ ತೋಟಾ ಇತ್ತು. ಎಂದೋ ಒಂದು ರಾತ್ರಿ ಹಂದಿ ಬಂದಾಗ ತುಂಬಿ, ಮರೆತದ್ದು.

ಯಜಮಾನರು ಬೆವತುಹೋದರು. “ದೇವರಾಣೆ, ನನಗೆ ಗೊತ್ತಿರಲಿಲ್ಲ” ಎಂದರು. ಅದು ನಿಜ. ಅವರು ಯಾರಿಗೂ ಕೇಡು ಬಯಸುವವರಲ್ಲ. ಆದರೆ ಮರಳುವ ಬಸ್ಸಿನಲ್ಲಿ ನಮ್ಮನ್ನು ಒಂದು ಪ್ರಶ್ನೆ ಬಿಡಲಿಲ್ಲ. ಗುಂಡು ಹಾರಿದ್ದರೆ ‘ಗೊತ್ತಿರಲಿಲ್ಲ’ ಎಂಬ ಮಾತು ಅವರನ್ನು ದೋಷದಿಂದ ಬಿಡಿಸುತ್ತಿತ್ತೇ? ಕೈಯಲ್ಲಿ ಫೋನ್ ಹಿಡಿದು ನಗುತ್ತಿದ್ದ ನಮ್ಮನ್ನು?

ಪವಿತ್ರ ಗ್ರಂಥದಲ್ಲಿ ಈ ಪ್ರಶ್ನೆಗೆ ಎರಡು ಉದಾಹರಣೆಗಳಿವೆ. ಮರ ಕಡಿಯುವಾಗ ಕೊಡಲಿಯ ತಲೆ ಕಾವಿನಿಂದ ಕಳಚಿ ಜೊತೆಗಾರನಿಗೆ ಬಡಿದು ಅವನು ಸತ್ತರೆ, ಕಡಿದವನು ಆಶ್ರಯದ ಊರಿಗೆ ಓಡಿ ಜೀವ ಉಳಿಸಿಕೊಳ್ಳಬಹುದು ಎನ್ನುತ್ತದೆ ಧರ್ಮೋಪದೇಶಕಾಂಡದ 19ನೇ ಅಧ್ಯಾಯ. ಅವನಲ್ಲಿ ಹಗೆ ಇರಲಿಲ್ಲ, ಆದದ್ದು ಆಕಸ್ಮಿಕ. ವಿಮೋಚನಾಕಾಂಡದ 21ನೇ ಅಧ್ಯಾಯದಲ್ಲಿ ಹಾಯುವ ಎತ್ತಿನ ಮಾತು ಬರುತ್ತದೆ. ಎತ್ತು ಹಾಯುತ್ತದೆಂದು ಮೊದಲೇ ಎಚ್ಚರಿಸಿದ್ದರೂ ಒಡೆಯನು ಅದನ್ನು ಕಟ್ಟಿಹಾಕದೆ ಬಿಟ್ಟು, ಅದು ಒಬ್ಬರನ್ನು ಕೊಂದರೆ, ದೋಷ ಒಡೆಯನ ಮೇಲೂ ಬರುತ್ತದೆ. ಎರಡು ಕಡೆಯೂ ಕೊಲ್ಲುವ ಉದ್ದೇಶವಿಲ್ಲ. ಆದರೂ ಒಬ್ಬನಿಗೆ ಆಶ್ರಯ, ಇನ್ನೊಬ್ಬನಿಗೆ ತೀರ್ಪು.

ಗೋಡೆಯ ಮೇಲಿನ ಕೋವಿ ಕೊಡಲಿಯೋ, ಎತ್ತೋ? ನಮಗೆ ಅದು ಎತ್ತು ಎಂದೇ ತೋರುತ್ತದೆ. ಕೊಡಲಿ ಸೌದೆ ಸೀಳಲು ಇರುವ ವಸ್ತು. ಕೋವಿ ಇರುವುದೇ ಹಾಯಲು. ಅದಕ್ಕೆ ಬೇರೆ ಎಚ್ಚರಿಕೆ ಬೇಕಿಲ್ಲ, ಅದರ ಹೆಸರೇ ಎಚ್ಚರಿಕೆ.

ಸಂತ ತೋಮಸ್ ಅಕ್ವಿನಾಸರು (1225–1274) ಇದನ್ನು ಇನ್ನಷ್ಟು ಬಿಡಿಸಿ ಹೇಳಿದ್ದಾರೆ. ತಿಳಿಯಲು ಸಾಧ್ಯವೇ ಇಲ್ಲದ್ದನ್ನು ತಿಳಿಯದಿರುವುದು ತಪ್ಪಲ್ಲ. ತಿಳಿಯಬೇಕಾದದ್ದನ್ನು, ತಿಳಿಯಲು ದಾರಿಯಿದ್ದೂ, ಉದಾಸೀನದಿಂದ ತಿಳಿಯದಿರುವುದು ತಪ್ಪು. ಆಕಸ್ಮಿಕ ಸಾವಿನ ವಿಷಯದಲ್ಲಿಯೂ ಅವರ ಮಾತು ಸ್ಪಷ್ಟ: ತಕ್ಕ ಎಚ್ಚರ ವಹಿಸದವನು ದೋಷಮುಕ್ತನಲ್ಲ. ಧರ್ಮಸಭೆಯ ಧರ್ಮೋಪದೇಶ ಗ್ರಂಥವೂ (ಸಂಖ್ಯೆ 1791) ಸತ್ಯವನ್ನು ಅರಿಯಲು ಶ್ರಮವಹಿಸದವನ ಅಜ್ಞಾನಕ್ಕೆ ಅವನನ್ನೇ ಹೊಣೆ ಮಾಡುತ್ತದೆ.

ಹಾಗಾದರೆ ಕೋವಿಯ ಒಡೆಯ ತಿಳಿಯಬೇಕಾದದ್ದು ಎಷ್ಟು? ಬಹಳವೇನಿಲ್ಲ. ಕಣ್ಣಾರೆ ಕಂಡ ಹೊರತು ಯಾವ ಕೋವಿಯೂ ಖಾಲಿಯಲ್ಲ. ಹೊಡೆಯಬಾರದ ಯಾವುದರ ಕಡೆಗೂ ಅದರ ಬಾಯಿ ತಿರುಗಬಾರದು. ಗುರಿ ಹಿಡಿಯುವ ತನಕ ಬೆರಳು ಟ್ರಿಗರ್ ಮೇಲೆ ಹೋಗಬಾರದು. ಗುರಿ ಏನು, ಅದರ ಹಿಂದೆ ಏನಿದೆ ಎಂಬುದು ಗೊತ್ತಿರಬೇಕು. ಅಮೆರಿಕದ ತರಬೇತುದಾರ ಜೆಫ್ ಕೂಪರ್ ಹೀಗೆ ನಾಲ್ಕು ಮಾತಿನಲ್ಲಿ ಹೇಳಿದ್ದನ್ನು ಇಂದು ಎಷ್ಟೋ ಕಡೆ ಕಲಿಸುತ್ತಾರೆ.

ಇದರ ಜೊತೆಗೆ ತನ್ನ ಕೋವಿಯ ರೀತಿಯೂ ತಿಳಿದಿರಬೇಕು. ಜೋಡುನಳಿಗೆಯನ್ನು ಮಡಿಚಿದರೆ ತೋಟಾ ಕಾಣುತ್ತದೆ. ಪಿಸ್ತೂಲಿನ ಮ್ಯಾಗಜೀನ್ ತೆಗೆದರೂ ಚೇಂಬರಿನಲ್ಲಿ ಒಂದು ಗುಂಡು ಉಳಿದಿರಬಹುದು. ಖಾಲಿ ಎಂದುಕೊಂಡು ಆಗುವ ಅನಾಹುತಗಳಿಗೆ ಅದೊಂದು ದೊಡ್ಡ ಕಾರಣ. ಬಾಯಿಯಿಂದ ಮದ್ದು ತುಂಬುವ ಹಳೆಯ ಕೇಪಿನ ಕೋವಿಯಲ್ಲಿ ಒಳಗಿರುವುದು ಕಣ್ಣಿಗೆ ಬೀಳುವುದೇ ಇಲ್ಲ. ಕಡ್ಡಿಯನ್ನು ನಳಿಗೆಗೆ ಇಳಿಸಿ, ತಳ ಮುಟ್ಟಿತೇ ಎಂದು ಅಳೆದು ನೋಡಬೇಕು. ಇನ್ನು .22 ರೈಫಲ್ಲಿನ ಬೆರಳ ತುದಿಯಷ್ಟು ಗುಂಡೂ ಒಂದು ಕಿಲೋಮೀಟರಿಗಿಂತ ದೂರ ಹೋಗಬಲ್ಲದು. ಇದಿಷ್ಟು ಕಲಿಯಲು ಒಂದು ಮಧ್ಯಾಹ್ನ ಸಾಕು.

ಕಾನೂನೂ ಈಗ ಇದನ್ನು ಕೇಳುತ್ತದೆ. ಆಯುಧ ಕಾಯ್ದೆ ಬಂದದ್ದು 1959ರಲ್ಲಿ. 2016ರ ನಿಯಮಗಳು ಲೈಸನ್ಸ್ ಬೇಡುವವರು ಸುರಕ್ಷತಾ ತರಬೇತಿ ಪಡೆಯಬೇಕೆಂದವು. 2019ರ ತಿದ್ದುಪಡಿಯ ನಂತರ, ಮದುವೆ ಮೆರವಣಿಗೆಯ ಸಂಭ್ರಮಕ್ಕೆ ಗುಂಡು ಹಾರಿಸಿ ಇತರರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಜೈಲು, ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಆದರೆ ಲೈಸನ್ಸ್ ಎಂಬ ಪುಸ್ತಕ ‘ಇವನು ಇಟ್ಟುಕೊಳ್ಳಬಹುದು’ ಎನ್ನುತ್ತದೆಯೇ ಹೊರತು, ‘ಇವನು ಇಂದಿಗೂ ಬಲ್ಲವನು’ ಎನ್ನುವುದಿಲ್ಲ. ಅಜ್ಜನ ಕೋವಿ ಮೊಮ್ಮಗನಿಗೆ ಬರುತ್ತದೆ, ಅಜ್ಜನ ಎಚ್ಚರ ಅದರ ಜೊತೆ ತಾನಾಗಿ ಬರುವುದಿಲ್ಲ.

ನಮ್ಮ ಕನ್ನಡ ಬಳಗದಲ್ಲಿ ಕೊಡಗಿನ ನಂಟಿರುವವರು ಈ ಮಾತನ್ನು ಚೆನ್ನಾಗಿ ಬಲ್ಲರು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಕೋವಿ ಲೈಸನ್ಸಿನ ವಿನಾಯಿತಿ ಇದೆ. ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ, ಕರ್ನಾಟಕ ಹೈಕೋರ್ಟ್ 2021ರಲ್ಲಿ ಎತ್ತಿಹಿಡಿದಿದೆ. ಕೈಲ್‌ಪೊಳ್ದಿನಂದು ಅವರು ಕೋವಿಯನ್ನು ಶುಚಿಮಾಡಿ, ತೋಕ್ ಪೂ ಎಂಬ ಹೂವಿಟ್ಟು ಗೌರವಿಸುತ್ತಾರೆ. ಆ ಸಂಪ್ರದಾಯದಲ್ಲಿ ಕೋವಿ ಆಟಿಕೆಯಲ್ಲ. ಹಾಗಿದ್ದೂ ಬೇಟೆಯಲ್ಲಿ ಹಂದಿಯೆಂದು ಜೊತೆಗಾರನಿಗೇ ಗುಂಡು ತಗುಲಿದ ಸುದ್ದಿ ಆ ಕಡೆಯಿಂದ ಬಂದದ್ದುಂಟು. ಸರ್ಕಾರ ಲೈಸನ್ಸಿನಿಂದ ವಿನಾಯಿತಿ ಕೊಡಬಹುದು. ತಿಳಿವಳಿಕೆಯಿಂದ ವಿನಾಯಿತಿ ಕೊಡಲು ಯಾರಿಗೂ ಆಗದು.

ಆ ತೋಕ್ ಪೂವನ್ನೇ ತಮಿಳರು ಸೆಂಗಾಂದಳ್ ಎನ್ನುತ್ತಾರೆ. ಅದು ತಮಿಳುನಾಡಿನ ರಾಜ್ಯಪುಷ್ಪ. ನಮ್ಮ ತಿರುಪ್ಪೂರು ಜಿಲ್ಲೆಯ ಮೂಲನೂರು, ಧಾರಾಪುರದ ಕಡೆ ಔಷಧಿಗಾಗಿ ಅದನ್ನು ಬೆಳೆಯುತ್ತಾರೆ. ಅದರ ಗಡ್ಡೆಯೂ ಬೀಜವೂ ವಿಷ. ಬೆಳೆಯುವವರು ಅದನ್ನು ಅರಿತೇ ಬೆಳೆಯುತ್ತಾರೆ. ಒಂದು ಗಡ್ಡೆಗೆ ಕೊಡುವ ಎಚ್ಚರವನ್ನು ಕೋವಿಗೆ ಕೊಡಬಾರದೇ?

“ನಮ್ಮ ಮನೆಯಲ್ಲಿ ಕೋವಿಯೇ ಇಲ್ಲ, ನಮಗೇಕೆ ಈ ಮಾತು?” ಎಂದು ಕೆಲವರು ಕೇಳಬಹುದು. ಅಂದು ತೋಟದ ಮನೆಯಲ್ಲಿ ನಗುತ್ತಿದ್ದ ನಮ್ಮಲ್ಲಿ ಯಾರ ಬಳಿಯೂ ಕೋವಿ ಇರಲಿಲ್ಲ. ಆದರೂ ಗುರಿಯಿಟ್ಟವನು ನಮ್ಮವನು, ಗುರಿಯಾದವನೂ ನಮ್ಮವನು, ಸುಮ್ಮನಿದ್ದವರೂ ನಾವೇ. ಪ್ರತಿ ಬಲಿಪೂಜೆಯ ಆರಂಭದಲ್ಲಿ ಮಾಡಿದ ಪಾಪಕ್ಕೆ ಮಾತ್ರವಲ್ಲ, ಮಾಡದೆ ಬಿಟ್ಟದ್ದಕ್ಕೂ ನಾವು ಕ್ಷಮೆ ಕೇಳುತ್ತೇವೆ. “ತೆರೆದು ತೋರಿಸಿ ಅಂಕಲ್” ಎಂಬ ಒಂದು ಮಾತನ್ನು ಆಡದೆ ಬಿಟ್ಟದ್ದು ನಮ್ಮ ಪಾಲಿನ ಲೋಪ. ಹಿರಿಯರಿಗೆ ಹಾಗೆ ಹೇಳುವುದು ಅಗೌರವ ಎನಿಸಿತ್ತು. ಅದು ಅಗೌರವವಲ್ಲ, ಅವರ ಮೇಲಿನ ಪ್ರೀತಿ ಎಂದು ಈಗ ಅನ್ನಿಸುತ್ತದೆ.

ಆ ಯಜಮಾನರು ಮರುವಾರವೇ ಕೋವಿ ಅಂಗಡಿಗೆ ಹೋಗಿ ಎಲ್ಲವನ್ನೂ ಕಲಿತು ಬಂದರಂತೆ. ಈಗ ಕೋವಿ ಬೀಗದ ಪೆಟ್ಟಿಗೆಯಲ್ಲಿ, ತೋಟಾಗಳು ಬೇರೆ ಕೋಣೆಯಲ್ಲಿ. ಅರುವತ್ತು ದಾಟಿದ ಮೇಲೆ “ನನಗೆ ಗೊತ್ತಿಲ್ಲ, ಕಲಿಸಿ” ಎಂದು ಕೇಳಲು ದೊಡ್ಡ ಮನಸ್ಸು ಬೇಕು. ‘ಗೊತ್ತಿರಲಿಲ್ಲ’ ಎಂದು ಆಮೇಲೆ ಅಳುವುದಕ್ಕಿಂತ ‘ಗೊತ್ತಿಲ್ಲ’ ಎಂದು ಮೊದಲೇ ಒಪ್ಪಿಕೊಳ್ಳುವುದು ಮೇಲು. ನಿಮ್ಮ ಮನೆಯಲ್ಲಾಗಲಿ, ನೆಂಟರ ಮನೆಯಲ್ಲಾಗಲಿ ಕೋವಿಯೊಂದು ತೂಗುತ್ತಿದ್ದರೆ, ಈ ವಾರವೇ ಅವರನ್ನು ಕೇಳಿ. ಉತ್ತರಕ್ಕೆ ತೃಪ್ತರಾಗಬೇಡಿ, ತೆರೆದು ತೋರಿಸಲು ಹೇಳಿ.